ಹೆಬ್ಬೆಟ್ಟು

ಗುರುವಾರ ಕೊನೆಯ ದಿನ. ಅರ್ಜಿಯ ಏಳನೇ ಅಂಕಣದಲ್ಲಿ
ಎರಡು ಖಾಲಿ ಚೌಕ. ಜೀವರಸಾಯನ ಒಂದು,
ವಿಧಿವಿಜ್ಞಾನ ಇನ್ನೊಂದು.
ಪೆನ್ಸಿಲಿನಲ್ಲಿ ಗೀಟು ಹಾಕುತ್ತೇನೆ, ಉಜ್ಜುತ್ತೇನೆ,
ಕಾಗದ ಅಲ್ಲಲ್ಲೇ ತೆಳ್ಳಗಾಗಿದೆ.

'ವಿಧಿ ಅಂದ್ರೆ ಹಣೆಬರಹ ತಾನೆ?
ಅದನ್ನ ಓದೋಕೂ ಕಾಲೇಜು ಬಂತಾ?'
ಗೂಡಿನ ಬುಟ್ಟಿ ಸೊಂಟಕ್ಕೇರಿಸಿ
ಪಕ್ಕದ ಮನೆಯ ಪಿಳ್ಳವೆಂಕಟಮ್ಮ ಕೇಳುತ್ತಾರೆ.
ಅಲ್ಲ, ಕಾನೂನು ಅನ್ನುತ್ತೇನೆ.
'ಎರಡೂ ಒಂದೇ ಬಿಡು, ಬಡವರಿಗೆ.'

ಶಿಡ್ಲಘಟ್ಟದ ನಮ್ಮ ಗಲ್ಲಿಯಲ್ಲಿ
ಬೆಳಗಿನ ಐದಕ್ಕೇ ಹೊಟ್ಟು ಸುಡುವ ಹೊಗೆ.
ಅಮ್ಮಿ ಕುದಿನೀರ ಬೇಸಿನ್ನಿಗೆ ಕೈ ಇಳಿಸಿ
ಎಂಟು ಗೂಡಿನ ಎಂಟು ತುದಿ ಹುಡುಕುತ್ತಾಳೆ.
ಕಣ್ಣಿಗೆ ಕಾಣದ ತುದಿ, ಬೆರಳಿಗೆ ಮಾತ್ರ ಕಾಣುವುದು.
ಹಾಗೆ ಇಪ್ಪತ್ತೆರಡು ವರ್ಷ.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ
ವೆಂಕಟರೋಣಪ್ಪ ಸಾರ್ ಹೇಳಿದ್ದು:
ರೇಷ್ಮೆಯಲ್ಲಿ ಎರಡು ಪ್ರೋಟೀನು. ಒಂದು ಎಳೆ, ಒಂದು ಗೋಂದು.
ಬಿಸಿನೀರಿಗೆ ಗೋಂದು ಸಡಿಲುತ್ತದೆ, ಎಳೆ ಜಗ್ಗುವುದಿಲ್ಲ.
ಯಾಕೆ ಹಾಗೆ ಅಂತ ಕೇಳುವವರು ಈ ಕಡೆ ಬನ್ನಿ.
ಸತ್ತವನ ಮುಷ್ಟಿಯಲ್ಲಿ ಸಿಕ್ಕ ಎಳೆ
ಯಾವ ಸೀರೆಯದು ಅಂತ ಕೇಳುವವರು ಆ ಕಡೆ.
'ಟೀವಿ ನೋಡಿಕೊಂಡು ಬರಬೇಡಿ ಮತ್ತೆ. ಅಲ್ಲಿ
ಅರ್ಧ ಗಂಟೆಗೆ ಕೊಲೆಗಾರ ಸಿಗುತ್ತಾನೆ. ಇಲ್ಲಿ
ಮೂರು ವರ್ಷ ಗಾಜು ತೊಳೀಬೇಕು.'

ಮಾಮೂಗೆ ಹೆಣದ ಚಿಂತೆ.
'ಹೆಣ್ಣು ಹುಡುಗಿ, ಶವಾಗಾರದ ವಾಸನೆ...'
ಅಮ್ಮಿ ಕೈಯ ಎಳೆ ಬಿಡದೆಯೇ ಅಂದಳು:
'ಬೆಂದ ಹುಳದ ನಾತದಲ್ಲೇ ತೊಟ್ಟಿಲು ಕಟ್ಟಿದ್ದೆ ಇವಳಿಗೆ.
ಮೂಗಿನ ಮಾತು ಬಿಡು.'

ಸೋಮವಾರ ರೇಷನ್ ಅಂಗಡಿ.
ಗಂಗುಲಪ್ಪನ ಪುಟ್ಟ ಯಂತ್ರ ಅಮ್ಮಿಯ ಹೆಬ್ಬೆಟ್ಟು ಒಪ್ಪಲಿಲ್ಲ.
ಕೆಂಪು ದೀಪ. ಸೆರಗಿಗೆ ಒರೆಸಿ ಮತ್ತೆ. ಕೆಂಪು.
ಎಡಗೈ. ತೋರುಬೆರಳು.
ನಿಂಬೆಹುಳಿ ಉಜ್ಜಿ ಉಂಗುರಬೆರಳು.
ಹಿಂದೆ ಸಾಲು ಗೊಣಗುತ್ತಿತ್ತು.
'ಗೆರೇನೇ ಇಲ್ವಲ್ಲಮ್ಮೋ ನಿಂಗೆ!'
'ಹಂಗಾದ್ರೆ ಕಳ್ಳತನಕ್ಕೆ ಲಾಯಕ್ಕು ಬಿಡಪ್ಪ'
ಅಂದಳು ಅಮ್ಮಿ. ಸಾಲೆಲ್ಲ ನಕ್ಕಿತು. ನಾನೂ.
ಖಾಲಿ ಚೀಲ ಮಡಚಿಕೊಂಡು ಬರುವಾಗ
ನಗು ಮಸೀದಿಯ ತಿರುವಿನ ತನಕ ಜೊತೆಗೆ ಬಂತು,
ಆಮೇಲೆ ಬರಲಿಲ್ಲ.

ಆ ರಾತ್ರಿ ದೀಪದ ಮಸಿ ಹಚ್ಚಿ, ಸೆಲ್ಲೋಟೇಪು ಅಂಟಿಸಿ
ಅವಳ ಹೆಬ್ಬೆಟ್ಟನ್ನು ಬಿಳಿ ಹಾಳೆಗೆ ಇಳಿಸಿದೆ.
ಬೋಳು ಬಂಡೆ.
ಅಂಚಿನಲ್ಲಷ್ಟೇ, ಬತ್ತಿದ ಕೆರೆಯ ದಡದಲ್ಲುಳಿವ
ನೀರಿನ ಗುರುತಿನಂತೆ, ಮೂರು ಗೆರೆ.
ಪಕ್ಕದಲ್ಲಿ ನನ್ನದು ಒತ್ತಿದೆ. ಸುಳಿಯೊಳಗೆ ಸುಳಿ,
ಪೂರ್ತಿ, ಕೊಬ್ಬಿದ್ದು. ನಾಚಿಕೆಯಾಯಿತು.
ಯಾರ ಕೈ ಸವೆದು ಯಾರ ಕೈ ಉಳಿಯಿತು ಎಂಬುದಕ್ಕೆ
ಪ್ರಯೋಗಾಲಯ ಬೇಕಿರಲಿಲ್ಲ.

ಮರುದಿನ ಬಸ್ಸು ಹತ್ತಿ, ಹಾಳೆ ಸಾರ್ ಮುಂದಿಟ್ಟೆ.
ಯಾರದೆಂದು ಹೇಳಲಿಲ್ಲ.
ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು.
'ರೀಲರ್ ಕೈ,' ಅಂದರು. 'ಅಪ್ಪನದೋ?'
'ಅಮ್ಮಿಯದು.'
'ಗೆರೆ ಹೋಗಿಲ್ಲಮ್ಮ. ಮೇಲಿನ ತೊಗಲು ಹೋಗಿದೆ.
ಅಚ್ಚು ಒಳಗಿರುತ್ತೆ. ಕೈಗೆ ಬಿಡುವು ಕೊಟ್ಟರೆ
ಅದೇ ಗೆರೆ, ಅದೇ ಜಾಗ, ತಾನೇ ಮೇಲೆ ಬರುತ್ತೆ.'
'ಎಷ್ಟು ದಿನ ಬಿಡುವು, ಸಾರ್?'
'ಒಂದು ತಿಂಗಳು ಅಂತಿಟ್ಕೋ.'

ಅಮ್ಮಿಗೆ ಹೇಳಿದೆ. ಬೇಸಿನ್ನಿನ ಮೇಲೆ ಬಗ್ಗಿದ್ದಳು.
'ಒಂದು ತಿಂಗಳಾ?' ನಕ್ಕಳು.
ನಗುತ್ತಲೇ ಇದ್ದಳು, ಎಳೆ ತುಂಡಾಗುವ ತನಕ.
ಆಮೇಲೆ ತುದಿ ಹುಡುಕಿ, ಗಂಟು ಹಾಕಿ,
'ಒಳಗಿದೆ ತಾನೆ? ಇರಲಿ ಬಿಡು,' ಅಂದಳು.

ನಾಳೆ ಗುರುವಾರ. ಏಳನೇ ಅಂಕಣ
ಇನ್ನೂ ಪೆನ್ಸಿಲಿನಲ್ಲೇ ಇದೆ.
ಕೆಳಗೆ, ಪೋಷಕರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಎಂಬಲ್ಲಿ
ಅಮ್ಮಿ ಒತ್ತಿದ್ದಾಳೆ. ನೀಲಿಯ ಒಂದು ಮುದ್ದೆ.
ಇದೇನು, ಇಂಕು ಚೆಲ್ಲಿತಾ, ಅಂತ ಗುಮಾಸ್ತ ಕೇಳುತ್ತಾನೆ.
ಕೇಳಲಿ.
ಒಣಗುವ ಮುನ್ನ ಅದಕ್ಕೊಂದು
ರೇಷ್ಮೆಯೆಳೆ ಅಂಟಿಕೊಂಡಿತು.
ನಾನು ತೆಗೆಯಲಿಲ್ಲ.