ಗೇಟು ಬೀಳುವ ಮೊದಲು

ಹಾರ್ಲಿಕ್ಸ್ ಬಾಟಲಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು ಮೇಜರ್ ತೋರಟ್.
ಒಳಗೆ ಕೆಸರು. ಕಪ್ಪಗೆ, ಇನ್ನೂ ಆರದೆ.
"ಮ್ಯಾಲಿಂದ ನೋಡಿದ್ರಿ ಬಾಯಾರ,
ಈಗೊಮ್ಮೆ ಬೆರಳ ಅದ್ದಿ ನೋಡ್ರಿ."
ಬೆಳಗಾವಿ ಕಡೆಯ ಮಾತು. ಸಿಟ್ಟಿರಲಿಲ್ಲ.
ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಿ.ವಿ. ರಾಮನ್ ನಗರದ ಈ ಕೋಣೆಗೆ ಕಿಟಕಿಯಿಲ್ಲ.
ಇಪ್ಪತ್ತೆರಡು ವರ್ಷ ಇಲ್ಲೇ ನೆರಳು ಅಳೆದಿದ್ದೇನೆ.
ನೆರಳಿನುದ್ದ, ಹೊತ್ತು, ಸೂರ್ಯನ ಓರೆ,
ಇಷ್ಟು ಕೊಟ್ಟರೆ ಕಾಲಿಡದ ಊರಿನ
ನೀರಿನ ಟ್ಯಾಂಕು ಎಷ್ಟೆತ್ತರ ಎಂದು ಹೇಳಬಲ್ಲೆ.
ಟಾರ್ಪಾಲಿನಡಿ ಲಾರಿಯೋ ಬಣವೆಯೋ, ಅದನ್ನೂ.
ಆ ನದಿಯ ಬಾಗಿನಲ್ಲಿ ಹಸಿರು ಕಂಡಿತ್ತು.
"ಗಟ್ಟಿ ನೆಲವಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು"
ಎಂದು ಬರೆದಿದ್ದೆ, ಮೂವತ್ತೊಂದನೇ ಪುಟದಲ್ಲಿ.
ಮೂರು ಬಣ್ಣದ ನಕ್ಷೆ, ಎರಡು ಅನುಬಂಧ,
ಕೆಳಗೆ ಸಹಿ: ಸಿ. ಜಯಶೀಲಾ.

ನಾಲ್ಕು ಮೇಜು ಹತ್ತಿಳಿದು, ನಾಲ್ಕು ಮುದ್ರೆ ಬಿದ್ದು
ಅದು ಅವರ ಡೇರೆ ಮುಟ್ಟಿದ್ದು ಗುರುವಾರ.
ಅವರು ನದಿಗಿಳಿದದ್ದು ಮಂಗಳವಾರ, ಕತ್ತಲಲ್ಲಿ,
ಬಿದಿರು ಗಳ ಹಿಡಿದ ಏಳುಮಲೈಯನ್ನು ಮುಂದೆ ಬಿಟ್ಟುಕೊಂಡು.
ಎಂಟನೇ ಹೆಜ್ಜೆಗೆ ಎದೆಮಟ್ಟ.
ಹಗ್ಗ ಹಾಕಿ ಎಳೆದರು. ಒಂದು ಬೂಟು ಅಲ್ಲೇ ಉಳಿಯಿತು.
"ಹಸರು ಅಂದ್ರ ನೆಲ ಅಲ್ರಿ, ನೀರ ಮ್ಯಾಲಿನ ಕಳೆ.
ನಿಮ್ಮ ಪುಸ್ತಕ ತಡಾ ಆಗಿದ್ದ ಚಲೋ ಆತು.
ವ್ಯಾಳ್ಯಾಕ್ಕ ಬಂದಿದ್ರ ನಂಬತಿದ್ನಿ."

ಅವರು ಕೇಳಿದ್ದಾದರೂ ಏನು?
ಎಂಟು ಟನ್ನಿನ ಗಾಡಿ ಇಳಿಸಲೇ, ಬೇಡವೇ?
ಆ ಪ್ರಶ್ನೆ ಮೇಜಿಂದ ಮೇಜಿಗೆ ತಿಂದು ತೇಗಿ
ನನ್ನ ಬಳಿ ಬರುವಾಗ ಹೊಟ್ಟೆ ಬಂದಿತ್ತು ಅದಕ್ಕೆ:
"ಪ್ರದೇಶದ ಸಮಗ್ರ ವಿಶ್ಲೇಷಣೆ ಕೋರಲಾಗಿದೆ."

ಸಂಜೆ ಆಟೋ ಹತ್ತಿದೆ. ಕಗ್ಗದಾಸಪುರದ ತಿರುವಿನಲ್ಲಿ
ಮುನಿವೆಂಕಟಪ್ಪ ಕತ್ತು ತಿರುಗಿಸದೆ ಹೇಳಿದ:
"ನಾಕು ನಿಮಿಷಕ್ಕೆ ಗೇಟ್ ಬೀಳತ್ತೆ ಮೇಡಂ.
ಬಿದ್ರೆ ಇಪ್ಪತ್ತು ನಿಮಿಷ ಗ್ಯಾರಂಟಿ, ಗೂಡ್ಸು.
ಹಿಂದ್ಗಡೆ ರೋಡು ಅಗ್ದವ್ರೆ ಅಂತ ನಮ್ಮುಡುಗ ಅಂದ,
ನಾನು ಕಣ್ಣಾರೆ ನೋಡಿಲ್ಲ.
ಏನ್ ಮಾಡ್ಲಿ, ಈಗ್ಲೇ ಹೇಳ್ಬುಡಿ."

ಹೇಳಲಿಲ್ಲ ನಾನು. ಬಾಯಿ ತೆರೆದು ಕೂತಿದ್ದೆ.
ಕಂಡದ್ದು ಬೇರೆ, ಕೇಳಿದ್ದು ಬೇರೆ,
ಹೊತ್ತೆಷ್ಟಿದೆ ಎಂಬುದು ಎಲ್ಲಕ್ಕಿಂತ ಮೊದಲು,
ಕೊನೆಗೆ ನಿರ್ಧಾರ ನನ್ನದೇ.
ಒಂದು ಅನುಬಂಧವೂ ಇಲ್ಲದೆ!
ಗೇಟು ಬಿತ್ತು.

ಆಮೇಲೆ, ಮನೆಗಲ್ಲ, ಹಲಸೂರು ಕೆರೆಗೆ ಬಿಡು ಎಂದೆ.
ದಡದಲ್ಲಿ ತೆಪ್ಪದ ತರಬೇತಿ ಮುಗಿಸಿದ ಸ್ಯಾಪರ್ ಹುಡುಗರು
ಒದ್ದೆ ಕಾಲಲ್ಲಿ ಚಹಾ ಕುಡಿಯುತ್ತಿದ್ದರು.
ಅಂಚಿನಲ್ಲಿ ಕಳೆ ಹಾಸಿತ್ತು, ಹುಲ್ಲುಗಾವಲಿನಂತೆ;
ಬಕವೊಂದು ಅದರ ಮೇಲೆ ಯಜಮಾನನ ಹಾಗೆ ನಿಂತಿತ್ತು.
ಬಗ್ಗಿ ಛತ್ರಿ ಊರಿದೆ. ಹಿಡಿಯವರೆಗೂ ಇಳಿಯಿತು.
ಹುಡುಗನೊಬ್ಬ ನಕ್ಕ: "ಅಲ್ಲಿ ಕಾಲಿಡಬೇಡಿಮ್ಮಾ."
ಈ ಕೆರೆಯನ್ನು ಮೇಲಿನಿಂದ ಎಷ್ಟು ಸಲ ನೋಡಿದ್ದೇನೆ,
ಗುರಿ ಹೊಂದಿಸುವ ಅಭ್ಯಾಸದ ಚಿತ್ರವೇ ಇದು.

ಮಾರನೆಯ ದಿನ ಯಾರ ಮೇಜನ್ನೂ ಕೇಳದೆ ಫೋನ್ ಎತ್ತಿದೆ:
ತೋರಟ್ ಸಾಹೇಬರೇ, ಕತ್ತಲಾಗುವ ಮೊದಲು
ನಿಮಗೇನು ಗೊತ್ತಾಗಬೇಕು?
ಆ ಕಡೆ ಗಾಳಿ. ಕೆಮ್ಮು. ಎಷ್ಟೋ ಹೊತ್ತಿನ ಮೇಲೆ
ಎರಡೇ ಪ್ರಶ್ನೆ ಬಂದವು.
ಒಂದಕ್ಕೆ ಉತ್ತರವಿತ್ತು. ಇನ್ನೊಂದಕ್ಕೆ ಬರೆದೆ: ಗೊತ್ತಿಲ್ಲ.
ದನ ಕಾಯುವವರನ್ನು ಕೇಳಿ, ನನಗೂ ತಿಳಿಸಿ.

ಉಪನಿರ್ದೇಶಕರು ಹಾಳೆ ವಾಪಸು ಕಳಿಸಿದ್ದಾರೆ:
ನಮೂನೆಯಲ್ಲಿ "ಗೊತ್ತಿಲ್ಲ"ಕ್ಕೆ ಕಾಲಂ ಇಲ್ಲವಂತೆ,
ದಯವಿಟ್ಟು ವಿಸ್ತರಿಸಿ.
ಹಾಳೆ ಹೋಗಿಯಾಗಿತ್ತು ಅಷ್ಟರಲ್ಲಿ. ಮೆಮೋ ಬರಬಹುದು.

ಬಾಟಲಿ ಮೇಜಿನ ಮೇಲೇ ಇದೆ.
ಸೋಮವಾರಕ್ಕೊಂದು ಚಮಚ ನೀರು ಹಾಕುತ್ತೇನೆ.
ಒಣಗಿದರೆ ಅದೂ
ಗಟ್ಟಿ ನೆಲದ ಹಾಗೇ ಕಾಣುತ್ತದೆ.