ಎರಡನೆಯ ದಿನದ ಗುಳಿಗೆ

ಬೈತಖೋಲದ ಧಕ್ಕೆಯಿಂದ ಬಂದವನು, ಹೆಸರು ಲಖಿಂದರ.
ಊರು ಯಾವುದೆಂದರೆ ರೈಲಿನ ಹೆಸರು ಹೇಳಿದ.
ಉಂಗುರಬೆರಳು ಹಿಡಿದೆ. ಬಲೆಯ ಹಗ್ಗ ಕಾಯಿಸಿದ ತೊಗಲು,
ಮೊದಲ ಚುಚ್ಚಿಗೆ ರಕ್ತ ಬರಲಿಲ್ಲ.
ಎರಡನೆಯದಕ್ಕೆ ಬಂತು, ಗುಲಗಂಜಿಯಷ್ಟು.

ಇಪ್ಪತ್ತಾರು ವರ್ಷ ಇದೇ ಕೆಲಸ ನನ್ನದು:
ಚುಚ್ಚುವುದು, ಒಂದು ಹನಿ ಎತ್ತುವುದು.
ಸೊಳ್ಳೆಯದೂ ಇದೇ ಕಸುಬು, ಅದರಲ್ಲೂ ಹೆಂಗಸರೇ.
ಗಂಡು ಹೂವಿನ ರಸ ಹೀರಿಕೊಂಡು ಸಾಧುವಾಗಿದೆ;
ಹೆಣ್ಣಿಗೆ ಮೊಟ್ಟೆಯ ಚಿಂತೆ.
ಬಸುರಿಯಿದ್ದಾಗ ನಾನೂ ಹೀಗೇ ಬಾಗಿ ಕೂತಿದ್ದೆ,
ಹೊಟ್ಟೆ ಮೇಜಿಗೆ ತಾಗುತ್ತಿತ್ತು.

ಬಣ್ಣ ಹಾಕಿ, ತೊಳೆದು, ಒಣಗಿಸಿ,
ಎಣ್ಣೆಯ ಹನಿ ಬಿಟ್ಟು ಕಣ್ಣಿಟ್ಟೆ.
ಉಂಗುರಗಳು. ಅದು ಜ್ವರ.
ನಡುವೆ ಅಲ್ಲೊಂದು ಇಲ್ಲೊಂದು
ಬಾಳೆಹಣ್ಣಿನ ಹಾಗೆ ಬಾಗಿದವು.
ಅವು ಜ್ವರವಲ್ಲ. ಲಖಿಂದರನಿಗೆ ಅವು ಏನೂ ಮಾಡುವುದಿಲ್ಲ.
ಗಂಟು ಕಟ್ಟಿಕೊಂಡು ಕೂತಿವೆ ಚರ್ಮದ ಹತ್ತಿರ,
ಕೊನೆಯ ಬಸ್ಸು ಕಾಯುವವರ ಹಾಗೆ.

ತರಬೇತಿಯಲ್ಲಿ ಗಾಂವಕರ ಸರ್
ಒಮ್ಮೆ ಹಸಿ ಹನಿಯನ್ನೇ ಗಾಜಿಗಿಟ್ಟು, ಒಣಗಲು ಬಿಡದೆ,
"ಕಾಲು ಗಂಟೆ ನೋಡ್ತಾ ಇರು" ಅಂದಿದ್ದರು.
ರಕ್ತ ತಣ್ಣಗಾಯಿತು.
ಬಾಗಿದ್ದದ್ದು ದುಂಡಗಾಯಿತು, ನಡುಗಿತು,
ಒಮ್ಮೆಲೇ ಬಾಲಗಳು ಚಿಮ್ಮಿ
ಸುತ್ತಲಿನ ಕೆಂಪು ಕಣಗಳನ್ನು ಚಾಟಿಯಂತೆ ಬಾರಿಸಿದವು.
"ತಣ್ಣಗಾಯ್ತಲ್ಲ, ಸೊಳ್ಳೆ ಹೊಟ್ಟೆ ಸೇರಿದೆ ಅಂದ್ಕೊಂಡಿದೆ, ಪಾಪ."
ದಿಬ್ಬಣ ತಪ್ಪು ಊರಲ್ಲಿ ಇಳಿದುಬಿಟ್ಟಿತ್ತು.
ನಾನು ನಕ್ಕೆ. ರಾತ್ರಿ ಊಟ ಸೇರಲಿಲ್ಲ.

ಮೊದಲ ದಿನದ್ದನ್ನು ನನ್ನೆದುರೇ ನುಂಗಿದ.
ಎರಡನೆಯ ದಿನ ಬರಲಿಲ್ಲ. ನಾನೇ ಹೋದೆ,
ಐಸಿನ ಲಾರಿಗಳ ಸಂದಿಯಲ್ಲಿ ಸೀರೆ ಎತ್ತಿ ಹಿಡಿದು.
ಬಲೆ ಹೊಲಿಯುತ್ತಿದ್ದ.
"ಬುಖಾರ್ ಗಯಾ, ದೀದಿ" ಎಂದು
ಮುಟ್ಟಿ ನೋಡಲು ಕತ್ತು ಚಾಚಿದ.
ತಣ್ಣಗಿತ್ತು.

ಈ ಗುಳಿಗೆ ನಿನಗಲ್ಲ ಎನ್ನಬೇಕಿತ್ತು.
ನಿನ್ನನ್ನು ಕಚ್ಚಿದ್ದು ಆಮೇಲೆ ಯಾರನ್ನು ಕಚ್ಚುತ್ತದೋ, ಅವನಿಗೆ.
ಅಷ್ಟು ಹಿಂದಿ ನನಗೆ ಬರುವುದಿಲ್ಲ.
ಕನ್ನಡದಲ್ಲಾದರೂ ಹೇಗೆ ಹೇಳಲಿ,
ಗುರುತಿಲ್ಲದವನ ಹೆಸರಲ್ಲಿ ಕಹಿ ನುಂಗು ಎಂದು?
ಉಂಡು ನುಂಗುತ್ತೇನೆಂದು ಕೈಸನ್ನೆ ಮಾಡಿ ಜೇಬಿಗಿಟ್ಟ.
ಸದಾಶಿವಗಡದ ಬಸ್ಸಿತ್ತು ನನಗೆ. ನಿಲ್ಲಲಿಲ್ಲ.

ಬೆಳಗಿಗೆ ಬೋಟು ಇರಲಿಲ್ಲ. ಹತ್ತು ದಿನದ ಫೇರಿ.
ನಡುಗಡಲಲ್ಲಿ ಸೊಳ್ಳೆಯಿಲ್ಲ, ಅಲ್ಲಿ ಅವನು ಯಾರಿಗೂ ಕೇಡಲ್ಲ.
ಆದರೆ ಹೊರಡುವ ಮೊದಲ ರಾತ್ರಿ
ಸೆಕೆಗೆ ಅಂಗಿ ಬಿಚ್ಚಿ ಧಕ್ಕೆಯ ಮೇಲೆಯೇ ಮಲಗಿದ್ದನಂತೆ.
ಅಲ್ಲೇ ತೊಟ್ಟಿಯಲ್ಲಿ ಹಳೆಯ ನೀರು.
ಲೋಟದಲ್ಲಿ ಎತ್ತಿ ನೋಡಿದೆ:
ಮೇಲ್ಮೈಗೆ ಅಡ್ಡಡ್ಡ ಮಲಗಿದ ಮರಿಗಳು,
ಲೋಟ ಅಲುಗಿದರೆ ತಳಕ್ಕೆ, ಮತ್ತೆ ಮೇಲಕ್ಕೆ.

ಸೊಳ್ಳೆಯೊಳಗೆ ಮಾಗಲಿಕ್ಕೂ ಹತ್ತೋ ಹನ್ನೆರಡೋ ದಿನ.
ಬೋಟು ಬರುವ ತಾರೀಖಿನ ಆಸುಪಾಸು.
ಅಷ್ಟರಲ್ಲಿ ಯಾರದೋ ಅಂಗೈ ಅದರ ಮೇಲೆ ಬಿದ್ದರೆ ಸರಿ.

ಐಸ್ ಕಾರಖಾನೆಯ ಕಾವಲುಗಾರ ಫೊಂಡು
ಜೇಬಿನಿಂದ ಕಾಗದದ ಪೊಟ್ಟಣ ತೆಗೆದ.
ಮೂರು ಗುಳಿಗೆ, ಬಿಚ್ಚಿರಲಿಲ್ಲ.
"ಆ ಹುಡುಗ ಕೊಟ್ಟು ಹೋದ, ಅಕ್ಕೋರೆ.
ತನಗೆ ಗುಣವಾಯ್ತಂತೆ. ಇನ್ಯಾರಿಗಾದರೂ ಜ್ವರ ಬಂದರೆ
ಅವರಿಗೆ ಕೊಡಿ ಅಂದ."