ನೀಲಿಯ ಕೆಳಗೆ

ಹೊಟ್ಟೆಗೆ ಕಟ್ಟಿಕೊಂಡ ಚೀಲದಲ್ಲಿ ಹನ್ನೊಂದು ಪಾಸ್‌ಪೋರ್ಟು,
ಹನ್ನೊಂದು ಮನೆಗಳ ಒಪ್ಪಿಗೆ ಪತ್ರ,
ಕೀವಾಳ ಉಬ್ಬಸದ ಪಂಪು.
ಕಾರ್ಕ್ ಬಿಟ್ಟಾಗಿನಿಂದ ಎಣಿಸುತ್ತಲೇ ಇದ್ದೇನೆ
ಬಸ್ಸಿನಲ್ಲಿ, ಪಾಯಿಖಾನೆಯ ಬಾಗಿಲಲ್ಲಿ,
ನಿದ್ದೆಯಲ್ಲೂ ಬೆರಳು ಮಡಚಿ.

ಲೆಸೊಥೊದ ಈ ಗುಡ್ಡ ಹತ್ತಿದ್ದು
ಶಾಲೆಯ ಗೋಡೆಗೆ ನೀಲಿ ಬಳಿಯಲು.
ಬಳಿದರು. ಅರ್ಧ ಗೋಡೆಗೆ, ಅರ್ಧ ತಲೆಗೂದಲಿಗೆ.
ಉಶೀನ್ ಏಣಿಯ ಮೇಲೆ ನಿಂತು ಫೋಟೊ ತೆಗೆಸಿಕೊಂಡ.
ಕೆಳಗೆ ಏಣಿ ಹಿಡಿದಿದ್ದ, ಕಂಬಳಿ ಹೊದ್ದ ಕುರಿಗಾಹಿ ಹುಡುಗ
ಚಿತ್ರದಲ್ಲಿ ಬರೀ ಎರಡು ಕೈ.

ಸಂಜೆ ಹೆಡ್ ಮೇಡಂ ಮಾಥಾಬೊ
ಮೂಲೆಯಲ್ಲಿ ಉಗುರಿನಿಂದ ಕೆರೆದು ತೋರಿಸಿದರು:
"ಈ ಹಸಿರು ಡೆನ್ಮಾರ್ಕಿನ ಮಕ್ಕಳದು.
ಅದರಡಿ ಹಳದಿ, ಕೆನಡಾ.
ಈ ಕೆನೆಬಣ್ಣ ಯಾರದೋ, ಮರೆತೆ.
ಚೆನ್ನಾಗಿ ಹಾಡುತ್ತಿದ್ದರು."
ದನಿಯಲ್ಲಿ ಕೊಂಕಿರಲಿಲ್ಲ.
ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿಮಗೆ ಬೇಕಾದದ್ದೇನು? ಕೇಳಿದೆ
ಆರನೆಯ ದಿನ,
ಬರುವ ಮೊದಲೇ ಕೇಳಬೇಕಿದ್ದದ್ದು.
ಅವರು ಸೂರಿನತ್ತ ನೋಡಿದರು.
"ಅಂಚಿಗೊಂದು ತಗಡಿನ ದಂಬೆ, ಕೆಳಗೊಂದು ಟ್ಯಾಂಕು.
ಹುಡುಗಿಯರು ಹೊಳೆಗಿಳಿಯುವುದು ತಪ್ಪುತ್ತಿತ್ತು.
ಆದರೆ ಅದಕ್ಕೆ ತಾಬಿಸೊ ಒಬ್ಬ ಸಾಕು, ಆ ಮನೆಯವನು.
ಹನ್ನೊಂದು ಜನಕ್ಕೆ ಏನು ಕೆಲಸ ಕೊಡಲಿ?"
ಎಂದು ನನ್ನ ಮಗ್ಗಿಗೆ ಇನ್ನಷ್ಟು ಚಹಾ ಸುರಿದರು.

ರಾತ್ರಿ ಕೀವಾ ಇನ್ನೂ ಎಚ್ಚರ.
"ಈ ಬಣ್ಣ ಎಷ್ಟು ವರ್ಷ ಇರುತ್ತೆ?"
ಮಲಗು, ಅಂದೆ. ಅಷ್ಟೇ ಹೇಳಿದ್ದು.
ಟಾರ್ಚು ಹಿಡಿದು ಮತ್ತೆ ಎಣಿಸಿದೆ,
ದಿಂಬಿನ ಮೇಲೆ ನೀಲಿ ಚುಕ್ಕೆಯ ತಲೆಗಳು.
ಎಲ್ಲರೂ ಇದ್ದಾರೆ.
ಆದರೂ ಯಾಕೋ ಆ ಎರಡು ಕೈ
ನಡುವೆ ಬಂದು ಲೆಕ್ಕ ತಪ್ಪಿಸುತ್ತವೆ.